ಸಂದರ್ಶಕಿ

ಊಟವಾದ ಮೇಲೆ ನಾನು ಕಂಪನಿ.
ಒಲೆಯ ಆಚೆ ಸ್ಟೂಲಿನ ಮೇಲೆ ಕೂರುತ್ತೇನೆ,
ಏಪ್ರನ್ ಬಿಚ್ಚಿಟ್ಟು, ಗಂಡನ ಕೋಟು ತೊಟ್ಟು.
ಕಂಪನಿ ಎಂದ ಮೇಲೆ ಕೋಟು ಬೇಡವೇ?

ಉಲಾನ್‌ಬಾತರಿನ ಗುಡ್ಡದ ಮೇಲಿನ ಈ ಗುಡಾರದಲ್ಲಿ
ಇಂಗ್ಲಿಷ್ ಬಾರದವಳು ನಾನೊಬ್ಬಳೇ.
ಮಗಳು ಸೊಲೊಂಗೊ ಹನ್ನೊಂದು ಪ್ರಶ್ನೆಗಳನ್ನು
ನಮ್ಮ ಲಿಪಿಯಲ್ಲೇ ಬರೆದುಕೊಟ್ಟಿದ್ದಾಳೆ,
ಉಸಿರು ತೆಗೆಯಬೇಕಾದ ಕಡೆ ಒಂದೊಂದು ಗೀಟೆಳೆದು.
ಶಾಲೆಯ ಅಡುಗೆಮನೆಯಲ್ಲಿ ದಿನಸಿ ಪಟ್ಟಿ ಓದುವ ದನಿಯಲ್ಲೇ ಓದುತ್ತೇನೆ:
ಟೆಲ್ ಅಸ್, ಅಬೌಟ್ ಯುವರ್‌ಸೆಲ್ಫ್.

ಎದುರಿಗೆ ತಂಗಿ ದುಲ್ಮಾ.
ಗೋಬಿಯ ಕಲ್ಲಿದ್ದಲ ಗಣಿಯಲ್ಲಿ
ಮನೆಯೆತ್ತರದ ಟ್ರಕ್ಕು ಓಡಿಸಿದವಳು,
ಈಗ ಹೊರದೇಶದವರ ತಾಮ್ರದ ಗಣಿಗಾಗಿ
ಮೊಣಕಾಲು ಜೋಡಿಸಿ ಕೂತಿದ್ದಾಳೆ,
ಚುಚ್ಚುಮದ್ದಿಗೆ ಕೂತ ಮಗುವಿನಂತೆ.

ಅವಳ ಶತ್ರು ಒಂದೇ ಅಕ್ಷರ.
ಫೈವ್ ಎನ್ನಲು ಹೋದರೆ ಪೈವ್,
ಫೋರ್‌ಮನ್ ಪೋರ್‌ಮನ್.
ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ
ಗಾಳಿ ಬಿಡಬೇಕಂತೆ.
ಕನ್ನಡಿ ಹಿಡಿದು ಬಿಟ್ಟಳು.
ಹಬೆ ಕೂತಿತು, ಅಕ್ಷರ ಕೂರಲಿಲ್ಲ.
ಇನ್ನೂರು ಟನ್ ಹೊತ್ತ ಗಾಡಿಯನ್ನು ರಿವರ್ಸಿನಲ್ಲಿ
ಗೇಣು ತಪ್ಪದೆ ನಿಲ್ಲಿಸುವವಳು
ಒಂದು ತುಟಿಯನ್ನು ನಿಲ್ಲಿಸಲಾರದೆ ಅತ್ತಳು.
ಆಮೇಲೆ ನಕ್ಕಳು. ಆಮೇಲೆ ಮತ್ತೆ ಪೈವ್.

ನಿಮ್ಮ ಹೆಚ್ಚುಗಾರಿಕೆ ಏನು ಎಂಬುದು ಮೂರನೆಯದು.
ಸೊಲೊಂಗೊ ಅರ್ಥ ಹೇಳಿದಾಗ ಇಬ್ಬರಿಗೂ ನಾಚಿಕೆ.
ತನ್ನನ್ನು ತಾನೇ ಹೊಗಳಿಕೊಳ್ಳುವವನನ್ನು
ನಮ್ಮಪ್ಪ ಬಾಗಿಲ ಬಳಿಯೇ ಕೂರಿಸುತ್ತಿದ್ದ.
ನಮ್ಮಲ್ಲೊಂದು ಮಾತಿದೆ, ಜುಗೇರ್.
ಕಾಲು ಮುರಿದರೂ ಜುಗೇರ್, ಬಹುಮಾನ ಬಂದರೂ ಜುಗೇರ್.
ಪರವಾಗಿಲ್ಲ, ಸುಮ್ಮನೆ, ಏನಿಲ್ಲ, ಇದ್ದೀನಿ,
ಎಲ್ಲ ಪಾತ್ರೆಗೂ ಅದೊಂದೇ ಮುಚ್ಚಳ.
ಇಂಗ್ಲಿಷಿನಲ್ಲಿ ಹುಡುಕಿದೆವು, ಆ ಅಳತೆಯದು ಸಿಗಲಿಲ್ಲ.

ಏಳನೆಯ ಪ್ರಶ್ನೆ ಉದ್ದ. ನಡುವೆ ಎರಡು ಗೀಟು.
ಅವಳ ಉತ್ತರವೂ ಉದ್ದ.
ಹತ್ತೊಂಬತ್ತು ರಾತ್ರಿ ಕೇಳಿ ಕೇಳಿ ನನಗೇ ಬಾಯಿಪಾಠ:
ನೈಟ್ ಶಿಪ್ಟ್, ಐಸ್, ಬ್ರೇಕ್,
ಆಮೇಲೆ ಅವಳು ತುಸು ತಡೆಯುವ ಜಾಗ,
ಆಮೇಲೆ ಐ ವಾಸ್ ಕಾಮ್.
ನಾನು ತಲೆದೂಗುತ್ತಿದ್ದೆ, ಕಂಪನಿಯವರು ದೂಗುವ ಹಾಗೆ,
ಒಲೆಗೆ ಕಲ್ಲಿದ್ದಲ ಉಂಡೆ ಹಾಕುತ್ತ
ಗುಡ್, ವೆರಿ ಗುಡ್ ಎನ್ನುತ್ತಿದ್ದೆ.

ನಿನ್ನೆ ಕಡೆಯ ರಾತ್ರಿ. ಸುಮ್ಮನೆ ಕೇಳಿದೆ,
ಈ ಏಳನೆಯದು ನಮ್ಮ ಮಾತಿನಲ್ಲಿ ಏನೇ?
ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.
ಹೋದ ಚಳಿಗಾಲ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ ಅಕ್ಕ.
ಕೆಳಗೆ ಊಟದ ವ್ಯಾನು ನಿಂತಿತ್ತು, ಒಳಗೆ ದೀಪ.
ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ಉಜ್ಜಿ ಉಜ್ಜಿ ನಿಲ್ಲಿಸಿದೆ.
ಇಳಿಯೋಕೆ ಕಾಲೇ ಬರಲಿಲ್ಲ.
ಬೆಳಗಾಗುವ ತನಕ ಸ್ಟೇರಿಂಗ್ ಹಿಡಿದೇ ಇದ್ದೆ.

ಆ ಬೆಳಿಗ್ಗೆ ಫೋನು ಮಾಡಿದ್ದಳು. ನೆನಪಿದೆ.
ಹೇಗಿದ್ದೀಯ ಎಂದಿದ್ದೆ.
ಜುಗೇರ್ ಎಂದಿದ್ದಳು.

ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡೆ.
ಕಂಪನಿ ಹಾಗೆ ಮಾಡಬಾರದು.
ಕೊನೆಯದೊಂದು ಉಳಿದಿತ್ತು, ಓದಿದೆ:
ಡು ಯೂ ಹ್ಯಾವ್, ಎನಿ ಕ್ವೆಶ್ಚನ್ಸ್ ಫಾರ್ ಅಸ್?

ಕಲಿತ ಉತ್ತರವೊಂದಿತ್ತು, ತರಬೇತಿಯ ಬಗ್ಗೆ.
ಅದನ್ನು ಹೇಳಲಿಲ್ಲ.
ಬೂಟು ಕೆಳಗಿಟ್ಟು, ನಮ್ಮ ಮಾತಿನಲ್ಲಿ,
ಮತ್ತೆ ಆ ಗಾಡಿ ಹತ್ತಲಾ ಅಕ್ಕ? ಎಂದಳು.

ಕಾಗದ ತಿರುವಿ ನೋಡಿದೆ.
ಹಿಂದುಗಡೆ ಸೊಲೊಂಗೊಳ ಭಾಗಾಕಾರದ ಲೆಕ್ಕ,
ಶೇಷ ಮೂರು ಎಂದು ಬರೆದು
ಹೊಡೆದುಹಾಕಿದ್ದು.