ಕಾಲಂ ಏಳು

ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ
ರಿಂಗ್ ರೋಡಿಗೆ ಬೆನ್ನು ಮಾಡಿ ಕೂತ ತಗಡಿನ ಶೆಡ್ಡು ನಮ್ಮದು.
ಒಳಗೆ ಎ.ಸಿ. ಇರುವುದು ಒಂದೇ ಕೋಣೆಗೆ,
ಅದೂ ಮನುಷ್ಯರಿಗಲ್ಲ, ಸೆನ್ಸರುಗಳಿಗೆ.
ನಾವು ಮಾಡುವುದು ಸಿರಿಂಜ್ ಪಂಪು.
ಅಂಗೈಯಗಲದ ಕೂಸಿಗೆ
ಗಂಟೆಗೆ ಅರ್ಧ ಮಿಲಿಲೀಟರ್ ಔಷಧಿ,
ಕೂದಲೆಳೆ ಹೆಚ್ಚಲ್ಲ, ಕಮ್ಮಿಯಲ್ಲ.
ನಳಿಗೆ ಎಲ್ಲಾದರೂ ಮಡಿಚಿಕೊಂಡರೆ
ಇಡೀ ವಾರ್ಡು ಏಳುವ ಹಾಗೆ ಕೂಗುತ್ತದೆ.
ಆ ಕೂಗನ್ನು ಬೆಸೆದವಳು ಮುಬೀನಾ.

ನಾನು ಲೆಕ್ಕದವಳು.
ಪಂಪಿನ ಬಗ್ಗೆ ನನಗೆ ಗೊತ್ತಿರುವುದು ಅದರ ಜಿಎಸ್‌ಟಿ.

ಸರ್ಕಾರದ ನಾವೀನ್ಯ ನಿಧಿ ಮಂಜೂರಾದ ದಿನ
ಪಾರ್ಶ್ವನಾಥ ಸರ್ ಎಲ್ಲರಿಗೂ ಬಾದಾಮಿ ಹಾಲು ತರಿಸಿದರು,
ಆಮೇಲೆ ಪತ್ರದ ಎರಡನೇ ಪುಟ ಓದಿದರು.
ಯಂತ್ರಕ್ಕೆ ಇಷ್ಟು, ಪ್ರಯಾಣಕ್ಕೆ ಇಷ್ಟು,
ಸಿಬ್ಬಂದಿ ಮೂವರು, ಹದಿನೆಂಟು ತಿಂಗಳು.
ಒಂದು ಬಾಬ್ತಿನ ರೂಪಾಯಿ
ಇನ್ನೊಂದರ ಹೊಸಿಲು ದಾಟಕೂಡದು.
ವಿದ್ಯಾರ್ಹತೆ: ಬಿ.ಇ., ಎಂ.ಟೆಕ್.

ಅರ್ಜಿ ನೂರಾ ನಲವತ್ತು.
ಪ್ರಣೀತ ಬಂದ, ಪರದೆಯ ಮೇಲೆ ಹರಿವಿನ ಗೆರೆ ಬರೆದು
ಹಣೆಬರಹ ಓದುವಂತೆ ಓದುತ್ತಿದ್ದ.
ತೇಜಾವತಿ ಬಂದಳು, ಟೊಂಕಕ್ಕೆ ಕಟ್ಟಿಕೊಂಡಂತೆ ಸದಾ ಒಂದು ಮಾನದಂಡದ ಪುಸ್ತಕ.
ಕೀಲಾರದ ನಿಂಗರಾಜು, ಬೆಳಗಿನ ಪ್ಯಾಸೆಂಜರಿಗೆ ಜೋತುಬಿದ್ದು ಬರುವವನು.
ಮೂರಾಯಿತು.

ಮುಬೀನಾಗೆ ಐಟಿಐ ಅಷ್ಟೇ.
ಉದಯಗಿರಿಯಿಂದ ಎರಡು ಬಸ್ಸು ಹತ್ತಿ ಬಂದು
ಬೆಸುಗೆ ಕೆಟ್ಟಿದ್ದರೆ ಹೊಗೆಯ ವಾಸನೆಯಲ್ಲೇ ಹೇಳುತ್ತಿದ್ದಳು:
"ಇದು ಆರು ತಿಂಗ್ಳು ಬಾಳಲ್ಲ, ಬಿಚ್ಚಿ."
ಪ್ರಣೀತ ಬಿಚ್ಚುತ್ತಿದ್ದ.
ಅವಳಿಗೆ ಯಾವ ಕಾಲಮ್ಮಿನಲ್ಲೂ ಕುರ್ಚಿ ಇರಲಿಲ್ಲ.
ನಾನೇ ಅವಳನ್ನು ಸಾದಿಲ್ವಾರಿನಲ್ಲಿ ಬರೆದೆ.
ಕಾಗದ, ಸ್ಟೇಪ್ಲರ್ ಪಿನ್ನು, ಫಿನಾಯಿಲು,
ಮುಬೀನಾ.

ಒಂದನೇ ಕಂತು ಖರ್ಚಾದದ್ದಕ್ಕೆ ಪ್ರಮಾಣಪತ್ರ ಕೊಟ್ಟರೆ
ಎರಡನೇ ಕಂತು.
ಕೊಟ್ಟೆವು. ಷರಾ ಬಂತು: ಸಹಿ ನೀಲಿ ಶಾಯಿಯಲ್ಲಿರಲಿ.
ನೀಲಿ ಶಾಯಿಯಲ್ಲಿ ಕೊಟ್ಟೆವು.
ಷರಾ ಬರೆದವರಿಗೆ ವರ್ಗವಾಗಿತ್ತು.

ಊಟದ ಡಬ್ಬಿ ಬಿಚ್ಚುತ್ತಾ ನಿಂಗರಾಜು ನಕ್ಕ:
"ಇದೂ ಕಟ್ಟುನೀರೇ ಕನಕ್ಕ.
ಹದಿನೈದು ದಿನ ಬುಡ್ತರೆ, ಹದಿನೈದು ದಿನ ಕಟ್ತರೆ.
ಕೊನೆ ಗದ್ದೆಗೆ ತಲುಪೋ ಹೊತ್ಗೆ
ತೂಬು ಮುಚ್ಚಿರ್ತರೆ."
ಅವನ ಡಬ್ಬಿಯ ಉಪ್ಪುಸಾರು ಎಲ್ಲರಿಗೂ ಒಂದೊಂದು ತುತ್ತು ಬಂತು.

ಐದು ತಿಂಗಳು.
ಪಂಪಿನ ನಳಿಗೆ ಕಟ್ಟಿದರೆ ಮೂರು ಸೆಕೆಂಡಿಗೆ ಕೂಗುತ್ತದೆ.
ಇಲ್ಲಿ ಯಾವುದೂ ಕೂಗಲಿಲ್ಲ.
ಪ್ರಣೀತನಿಗೆ ಪುಣೆಯ ಕಂಪನಿ ಸಿಕ್ಕಿತು.
ತೇಜಾವತಿ ಹೆರಿಗೆಗೆ ಹೋದವಳು ಪತ್ರ ಬರೆದಳು.
ಸಾದಿಲ್ವಾರು ಎಲ್ಲಕ್ಕಿಂತ ಮೊದಲು ಬತ್ತಿತ್ತು.
ಮುಬೀನಾ ತನ್ನ ಕಾವಲಿಯ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ,
ತಣ್ಣಗಾಗುವವರೆಗೂ ಕಾದು,
ಬಟ್ಟೆಯಲ್ಲಿ ಸುತ್ತಿ, ಡ್ರಾಯರಿನಲ್ಲಿಟ್ಟು ಹೋದಳು.
ಏನೂ ಹೇಳಲಿಲ್ಲ. ನಾನೂ.

ಮಾರ್ಚ್ ಮೂವತ್ತೊಂದು, ಸಂಜೆ ನಾಲ್ಕೂ ಹತ್ತು,
ಫೋನು ನಡುಗಿತು. ಎರಡನೇ ಕಂತು ಜಮಾ.
ಇದೇ ಆರ್ಥಿಕ ವರ್ಷದಲ್ಲಿ ಖರ್ಚಾಗತಕ್ಕದ್ದು.
ಎಂಟು ಗಂಟೆ ಇತ್ತು ನಮಗೆ.
ಸರ್ ಸೆನ್ಸರಿನವರಿಗೆ ಫೋನು ಹಚ್ಚಿದರು,
ನಿಂಗರಾಜು ಒಬ್ಬನೇ ಟೆಸ್ಟ್ ಬೆಂಚಿನ ಧೂಳು ಹೊಡೆಯುತ್ತಿದ್ದ.

ನಾನು ವರದಿ ತೆರೆದೆ.
ಕಾಲಂ ಏಳು: ಸೃಷ್ಟಿಯಾದ ಉದ್ಯೋಗಗಳ ಸಂಖ್ಯೆ.
ಆ ಚೌಕಕ್ಕೆ ಅಂಕಿ ಮಾತ್ರ ಹಿಡಿಸುತ್ತದೆ.
ಅಕ್ಷರ ಒತ್ತಿದರೆ ಕೆಂಪಾಗುತ್ತದೆ.
ಮೂರು ಎಂದು ಒತ್ತಿದೆ. ಸುಳ್ಳಲ್ಲ.
ಅಳಿಸಿದೆ. ಮತ್ತೆ ಮೂರು ಒತ್ತಿದೆ.

ಆಮೇಲೆ ಮುಬೀನಾಗೆ ಫೋನು ಮಾಡಿದೆ.
ಅಶೋಕ ರಸ್ತೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಳು,
ಹಿಂದೆ ಯಾವುದೋ ಫೋನಿನ ರಿಂಗು ಅರ್ಧಕ್ಕೆ ಕಡಿದು ಕಡಿದು ಹೊಡೆದುಕೊಳ್ಳುತ್ತಿತ್ತು.
"ಕಂತು ಬಂದಿದೆ, ಬರ್ತೀಯಾ?"
ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು:
"ಮತ್ತೆ ಪಿನ್ನಿನ ಖಾತೇಲೇನಾ ಮೇಡಂ?
ಈ ಸಲ ಎಷ್ಟು ತಿಂಗ್ಳು?"

ಫೋನನ್ನು ಭುಜಕ್ಕೆ ಒತ್ತಿಕೊಂಡು
ನಾನು ಎರಡನೇ ಪುಟ ಹುಡುಕುತ್ತಿದ್ದೆ.