ಎಡಕ್ಕೆ ನಿಂತವನು

ದಾಜಿಬಾನಪೇಟೆಯ ಭಾಂಡೆ ಅಂಗಡಿಯ ಮೇಲೆ
ನನ್ನದೊಂದು ಖೋಲಿ.
ಗೋಡೆಗೆ ತತ್ತಿ ಟ್ರೇಗಳ ಮೆತ್ತೆ, ಒಂದು ಮೈಕು,
ಕಂತಿನ ಮೇಲೆ ತಂದ ಕಂಪ್ಯೂಟರು.
ಮೆಟ್ಟಿಲೇರಿ ಬಂದ ಹಜರೇಸಾಬ
ನಡುವೆ ಒಮ್ಮೆ ಕೂತು, ಎದ್ದು, ಒಳಗೆ ಬಂದು
ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ಮಲಗಿದ ಕೂಸಿನ ಹಾಗೆ ಕೆಳಗಿಟ್ಟು
ಕೇಳಿದ: "ಯವ್ವಾ, ಇದು ಬ್ಯಾಂಡ್ ಬಾರಸ್ತೈತಂತ ಹೌದೇನು?
ನಾ ಒಬ್ಬಾಂವನ ಉಳದೀನಿ."

ನಲವತ್ತು ವರ್ಷ ಹುಬ್ಬಳ್ಳಿಯ ಮದುವೆಗಳ ಮುಂದೆ
ನಡೆಯುತ್ತಲೇ ಊದಿದ ಮನುಷ್ಯ.
ತಿರುಗಿ ನೋಡುವ ಹಾಗಿಲ್ಲ, ಹಿಂದೆ ಕುದುರೆ,
ಕುದುರೆಯ ಮೇಲೆ ಯಾರ ಮಗನೋ.
ಇದೊಂದು ಮಾತ್ರ ಅವನದೇ ಧಾಟಿ,
ಹೆಣ್ಣು ಒಪ್ಪಿಸಿ ಕಳಿಸುವ ಹೊತ್ತಿನದು.
ಎಲ್ಲೂ ಬರೆದಿಟ್ಟಿಲ್ಲ. ಹಲ್ಲು ಹೋದ ಮೇಲೆ
ತುಟಿಗೂ ಅರ್ಧ ಮರೆತಿದೆ.

ಊದಿದ.
ಕೆಳಗೆ ಅಂಗಡಿಯಲ್ಲಿ ಯಾರೋ ಪರಾತ ಕೆಡವಿದರು.
ನಾನು ಗುಂಡಿ ಒತ್ತಿದೆ.
ಎಣಿಸಿ ಹನ್ನೊಂದು ಸೆಕೆಂಡು.
ಸ್ವರದ ಕೆಳಗೆ ಸ್ವರ, ಅದರಡಿಗೆ ಇನ್ನೊಂದು,
ಮೂರು ಮೂರರ ಗುಂಪು ಕಟ್ಟಿ
ಪಂಗತಿಗೆ ಕೂತ ಹಾಗೆ ಕೂತವು ಪರದೆಯ ತುಂಬ.
ಬಿದ್ದ ಪರಾತವನ್ನೂ ಧೈವತವೆಂದು ಬಗೆದು
ಅದಕ್ಕೂ ಇಬ್ಬರು ಜೊತೆಗಾರರನ್ನು ಕೊಟ್ಟಿತ್ತು ಯಂತ್ರ.
ನಕ್ಕೆವು. ಮತ್ತೆ ಊದಿದ. ಮತ್ತೆ ಒತ್ತಿದೆ.

ಈ ಸಲ ಚಂದ ಬಂತು.
ನಾಲ್ಕನೆಯ ತಿರುವಿನಲ್ಲಿ ಅವನು ನಗುತ್ತ ಪಂಚಮಕ್ಕೆ ಏರಿದರೆ
ಕೆಳಗೆ ಕೋಮಲ ಗಾಂಧಾರ ಹಾಸಿ
ಆ ನಗೆಯನ್ನು ಅಳಿಸಿತು.
ಅವನ ಕೈ ಮೊಣಕಾಲ ಮೇಲೆ ತಾಳ ಬಿಟ್ಟು ನಿಂತಿತು.
"ಇದಕ್ಕ ಹೆಂಗ ತಿಳೀತು?"
ತಿಳಿದಿಲ್ಲ ಅಜ್ಜಾ. ಲಕ್ಷ ಧಾಟಿ ಎಣಿಸಿಟ್ಟುಕೊಂಡಿದೆ,
ಇಂಥದರ ಬೆನ್ನಿಗೆ ಹೆಚ್ಚಾಗಿ ಇಂಥದು ಅನ್ನುತ್ತದೆ, ಅಷ್ಟೆ.
"ನಾವೂ ಹಂಗ ಕಲತದ್ದು," ಅಂದ.

ಆಮೇಲೆ ಒಂದೊಂದೇ ತಕರಾರು.
"ಇಲ್ಲಿ ನಾ ಉಸಿರು ತಗೊಂಡೀನಿ,
ಇಲ್ಲೇನೂ ತುಂಬಬ್ಯಾಡ."
ಅಳಿಸಿದೆ.
"ಇಷ್ಟು ಮಂದಿ ಒಮ್ಮೆಲೆ ಒಂದ ಕಾಲು ಎತ್ತೂದಿಲ್ಲ,
ನಾವೇನು ಪರೇಡಿನವರೇನು?"
ಒಂದಿಷ್ಟು ಆಚೀಚೆ ಸರಿಸಿದೆ.
ಕಡೆಗೆ ಧಾಟಿ ಷಡ್ಜಕ್ಕೆ ಬಂದು ನಿಂತಾಗ
ಕೆಳಗಿನವರೆಲ್ಲ ಜೊತೆಗೇ ಬಂದು ನಿಂತರು, ಚೊಕ್ಕ.
ಅವನು ಹುಬ್ಬು ಗಂಟಿಕ್ಕಿದ:
"ಯಮನಪ್ಪ ಎಲ್ಲಿ?"

ಯಮನಪ್ಪ ಭಜಂತ್ರಿ. ಬೇಸ್ ಹಾರ್ನ್.
ಯಾವಾಗಲೂ ಎಡಕ್ಕೆ.
ಕುಂದಗೋಳದ ಒಂದು ಮದುವೆಯಲ್ಲಿ ನೆನೆದ ಮೇಲೆ
ಅವನ ಬಾಜಾದ ನಡುವಿನ ಗುಂಡಿ ಒಳಗೇ ಕಚ್ಚುತ್ತಿತ್ತು.
ಎಣ್ಣೆ ಬಿಟ್ಟರು, ಬಡಿದರು. ಊಹುಂ.
ಎಲ್ಲರೂ ಸಾ ಅಂದರೆ ಅವನದು ಕೆಳಗಿನ ನಿ.
"ಮಂದಿಯೆಲ್ಲಾ ಮನಿ ಒಳಗ ಹೋದ್ರೂ
ಅಂವ ಕಟ್ಟಿ ಮ್ಯಾಲ ಕುಂತಂಗ.
ಬೈದೆ. ಎರಡ ಸಲ ಪಗಾರ ಹಿಡದೆ.
ಅಂವ ಹೋದ ಮ್ಯಾಗ ಬಂದಾಂವ ಖರೇ ಸ್ವರ ಹಚ್ಚಿದ ನೋಡವ್ವಾ,
ಅವತ್ತ ಸ್ಟೇಶನ್ ರೋಡಿನ್ಯಾಗ
ನನ್ನ ಹೆಜ್ಜಿ ತಪ್ಪಿತು."

ಷಡ್ಜವನ್ನು ಇಲಿಯಿಂದ ಹಿಡಿದು
ಒಂದು ಮನೆ ಕೆಳಗೆ ಎಳೆದೆ.
ಯಂತ್ರ ಕೆಂಪು ಗೆರೆ ಹಾಕಿತು. ಸರಿಪಡಿಸಲೇ?
ಬೇಡ.
ಸರಿಪಡಿಸಲೇ?
ಬೇಡ ಅಂದೆನಲ್ಲ.

ಕೇಳಿದ. ಏನೂ ಅನ್ನಲಿಲ್ಲ.
ಕ್ಲಾರಿನೆಟ್ ಎತ್ತಿಕೊಂಡು, ನೆಲದ ವಾಯರು ನೋಡಿ ದಾಟಿ,
ಎರಡು ಹೆಜ್ಜೆ ಬಲಕ್ಕೆ ಸರಿದ,
ಎಡಕ್ಕೆ, ಗೋಡೆಯ ತನಕ, ಒಬ್ಬ ಆಳು ಹಿಡಿಸುವಷ್ಟು ಜಾಗ.
"ಅದೊಂದ ಇರಲಿ. ಉಳದದ್ದೆಲ್ಲಾ ಬಂದ ಮಾಡು."
ಮೂವತ್ತೆರಡು ಸಾಲು ಒಂದೊಂದಾಗಿ ನಂದಿಸಿದೆ.
ಕೆಂಪು ಗೆರೆಯದೊಂದು ಉಳಿಯಿತು,
ಅದರ ಮಗ್ಗುಲಿಗೆ ಹಲ್ಲಿಲ್ಲದ ಬಾಯಿ.

ಪೆಟ್ಟಿಗೆ ಮುಚ್ಚಿ, ಕಿಸೆಗೆ ಕೈ ಹಾಕಿ ಕೇಳಿದ:
"ಎಷ್ಟಾತವ್ವಾ?"
ಒಬ್ಬರದು ಹೇಳಬೇಕೋ, ಇಬ್ಬರದೋ,
ನನಗೆ ಲೆಕ್ಕ ಹತ್ತಲಿಲ್ಲ.