ಲೂನಾ ಲೆಕ್ಕಕ್ಕಿಲ್ಲ

ಕಾರು ನನಗೆ ಮೊದಲು ಪರಿಚಯವಾದದ್ದು
ಹೊಗೆಯಾಗಿ.
ಮಂಡಕ್ಕಿ ಭಟ್ಟಿಯ ಬಾಯಿಗೆ ಅಬ್ಬ
ಹಳೇ ಟೈರು ಕೊಯ್ದು ಕೊಯ್ದು ತುರುಕುವ ಮೊದಲು
ಅದರ ಮೈಮೇಲಿನ ಉಬ್ಬಕ್ಷರ ಬೆರಳಲ್ಲಿ ಸವರಿ
ಇಂಗ್ಲಿಷು ಕಲಿತೆ.
ಕಲಿತದ್ದೆಲ್ಲ ಆಮೇಲೆ ಉರಿಯಿತು,
ಕಾದ ಮರಳಲ್ಲಿ ಅಕ್ಕಿ ಚಟಪಟ ಅರಳಿತು.

ಸಂಜೆ ಪಿ.ಬಿ. ರೋಡಿನ ಮೋರಿಕಟ್ಟೆ.
ನಾನು, ಹಾಲೇಶ.
ಮುಂದೆ ಬರೋದು ನಂದು,
ಅದರ ಹಿಂದಿನದು ನಿಂದು,
ಬಂದದ್ದನ್ನು ಒಲ್ಲೆ ಅನ್ನುವಂತಿಲ್ಲ.
ಹೀಗೆ ಒಂದೇ ಬೇಸಿಗೆಯಲ್ಲಿ ನಾನು
ಹದಿನಾಲ್ಕು ಲಾರಿ, ಒಂದು ರೋಡ್‌ರೋಲರು,
ಹರಿಹರದ ಕೆಂಪು ಬಸ್ಸಿಗೆ ಮಾಲೀಕನಾದೆ.
ಹಾಲೇಶನಿಗೆ ಎರಡು ಸಲ ಫಿಯೆಟ್ಟು ಬಿತ್ತು.
ಆ ವಾರವೆಲ್ಲ ಅವನು ಶಾಲೆಗೆ ನಡೆದು ಬರಲಿಲ್ಲ,
ಗಾಳಿಯಲ್ಲಿ ಸ್ಟೇರಿಂಗು ತಿರುಗಿಸುತ್ತ ಬಂದ.

ಒಂದು ಮಂಗಳವಾರ, ಮಿಲ್ಲಿನ ಸೈರನ್ನು ಕೂಗಿದ ಮೇಲೆ,
ಕಾಂಟೆಸ್ಸಾ ಬಂತು.
ಬೇರೆಯವು ಓಡಿ ಬರುತ್ತಿದ್ದವು. ಇದು
ಗಂಡಿನ ಕಡೆಯವರು ಚಪ್ಪರದೊಳಗೆ ಕಾಲಿಟ್ಟ ಹಾಗೆ
ಎಲ್ಲರೂ ಕಾದಿದ್ದಾರೆಂದು ಗೊತ್ತಿದ್ದೇ ಬಂತು.
ಉದ್ದ ಮೂತಿ, ಬೆಣ್ಣೆ ಬಣ್ಣ,
ಒಳಗೆ ಮೆರೂನು ಮಖಮಲ್ಲು,
ಕಿಟಕಿಯಲ್ಲಿ ಒಂದು ಕೈ, ಬಳೆ, ಅಷ್ಟೆ.

“ನಂದು!” ಅಂದೆ.
“ನಿಂದು ಆಗ್ಲೇ ಹೋತಲ್ಲೋ ಚಮನ್,
ಮಂಡಕ್ಕಿ ಚೀಲ ಹೇರ್ಕೊಂಡು ಲೂನಾ ಹೋತಲ್ಲ, ಅದು ನಿಂದು.
ಇದು ನಂದು.”
“ಲೂನಾ ಲೆಕ್ಕಕ್ಕಿಲ್ಲ ಕಣಲೇ. ಪೆಡಲ್ ಐತೆ ಅದಕ್ಕೆ. ಸೈಕಲ್ಲು ಅದು.”

ಲೂನಾದ ಮೇಲಿದ್ದವನು ನಮ್ಮ ಅಬ್ಬ.
ಅದನ್ನು ಇಬ್ಬರೂ ಹೇಳಲಿಲ್ಲ.

ಅಬ್ಬನ ಕೆಮ್ಮು ನಿಂತು ಹನ್ನೆರಡು ವರ್ಷ.
ಈಗ ಭಟ್ಟಿ ನನ್ನದೇ; ಒಲೆಗೆ ಭತ್ತದ ಹೊಟ್ಟು, ಟೈರಿಲ್ಲ.
ಕಾಂಟೆಸ್ಸಾ ಸಿಕ್ಕಿದ್ದು ಹೊಳಲ್ಕೆರೆ ಹತ್ತಿರ,
ಒಂದು ಕೋಳಿಫಾರಮ್ಮಿನ ಹಿಂದೆ.
ದುಡ್ಡು ಎಣಿಸಿಕೊಟ್ಟು ಡಿಕ್ಕಿ ಎತ್ತಿದರೆ
ಒಳಗೆ ನಾಟಿ ಕೋಳಿಯೊಂದು ಕಾವು ಕೂತಿದೆ.
“ಮರಿ ಆಗ್ಲಿ, ಆಮೇಲೆ ಒಯ್ಯಿರಿ”
ಅಂದಳು ಆ ಮನೆಯಾಕೆ.
ಮೂವತ್ತಾರು ವರ್ಷ ಕಾದವನು
ಇನ್ನೂ ಹನ್ನೊಂದು ದಿನ ಕಾದೆ.

“ಎಸಿ ಇಲ್ಲ, ಬ್ರೇಕಿಲ್ಲ, ಸೀಟಿಲ್ಲ,
ಮತ್ತೆ ಇರೋದಾದ್ರೂ ಏನು?” ಶಾಹೀನಾ ಕೇಳಿದಳು.
“ಮೂತಿ” ಅಂದೆ.

ಹಾಲೇಶನ ಟಿಂಕರಿಂಗ್ ಅಂಗಡಿಗೆ ಎಳೆಸಿದೆ.
ಸುತ್ತ ಒಂದು ಸುತ್ತು ಬಂದ. ಬಾಗಿಲಿಗೆ ಬೆರಳಗೆಣ್ಣಿಂದ ತಟ್ಟಿ
ಕಿವಿಗೊಟ್ಟ, ಹಲಸಿನ ಹಣ್ಣು ಕೊಳ್ಳುವವನ ಹಾಗೆ.
ಬಣ್ಣ ಯಾವುದು ಎಂದು ಕೇಳಲೇ ಇಲ್ಲ.
ನಾಲ್ಕು ತಿಂಗಳು ಬಡಿದ, ತಿಕ್ಕಿದ, ಪುಟ್ಟಿ ಮೆತ್ತಿದ.
ತಗಡಿಗೆ, ಬಣ್ಣಕ್ಕೆ, ಬೀಡಿಂಗಿಗೆ ಚೀಟಿ ಬರೆದುಕೊಟ್ಟ.
“ಕೂಲಿ?” ಅಂದೆ.
“ನನ್ನ ಗಾಡಿಗೆ ನಾನೇ ಕೂಲಿ ಇಸ್ಕಣಾದೇನಲೇ?”

ನಕ್ಕೆ. ಅವನು ನಗಲಿಲ್ಲ,
ಕೈಯ ಬೆಣ್ಣೆ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಒರೆಸುತ್ತಿದ್ದ.

ಮೊದಲ ಸುತ್ತು, ಪಿ.ಬಿ. ರೋಡು.
ಮೋರಿಕಟ್ಟೆ ಎಲ್ಲಿತ್ತೆಂದು ಇಬ್ಬರಿಗೂ ಗುರುತು ಹತ್ತಲಿಲ್ಲ;
ಅವನು ಬ್ಯಾಂಕಿನ ಕಡೆ ಕೈ ತೋರಿಸಿದ, ನಾನು ಶೋರೂಮಿನ ಕಡೆ.
ಅಷ್ಟರಲ್ಲಿ ಮುಂದೊಂದು ಮೊಪೆಡ್ಡು,
ಸವಾರನೇ ಕಾಣದಷ್ಟು ಮಂಡಕ್ಕಿ ಚೀಲ,
ಗಾಳಿ ಬಂದರೆ ಇತ್ತ, ಗುಂಡಿ ಬಂದರೆ ಅತ್ತ.
ಎರಡನೇ ಗೇರಿಗೆ ಇಳಿಸಿದೆ.
ಹಿಂದೆ ಬಸ್ಸು ಬಡಿದುಕೊಳ್ಳುತ್ತಿದೆ, ಆಟೋ ಬಯ್ಯುತ್ತಿದೆ.

“ಹಾರನ್ ಹೊಡಿಯಲೇ, ಸೈಡಿಗೆ ಹೋಗ್ತಾನೆ.”

“ಮುಂದಿರೋದು ನಂದು” ಅಂದೆ.

ಹಾಲೇಶ ಸ್ವಲ್ಪ ಹೊತ್ತು ಸುಮ್ಮನಿದ್ದ.
ಆಮೇಲೆ ಕಿಟಕಿಯ ಗಾಜು ಇಳಿಸಲು ಹೋದ.
ಅದು ಅರ್ಧಕ್ಕೇ ನಿಂತಿತು,
ಅದೊಂದು ಕೆಲಸ ಇನ್ನೂ ಬಾಕಿಯಿದೆ.